ಮೇ, ಜೂನ್‌ನಲ್ಲೇ ಯಾಕೆ ಇಷ್ಟೊಂದು ‘ವಿಶ್ವ ದಿನ’ಗಳು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆ ಮುಗಿಯುವ ಮೊದಲೇ ವಾಟ್ಸಾಪ್ ಗುಂಪಿಗೆ ದಿನಾಚರಣೆಗಳ ಪಟ್ಟಿ ಬಂದು ಬೀಳುತ್ತದೆ. ಮೇ, ಜೂನ್ ಎರಡೇ ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ದಿನಗಳು. ಜೇನು, ಚಹಾ, ಹಾಲು, ಸೈಕಲ್, ಸಾಗರ, ಆಮೆ, ತಂಬಾಕು, ರಕ್ತದಾನ, ಯೋಗ. ಇವನ್ನೆಲ್ಲ ಯಾರು ಗೊತ್ತು ಮಾಡುತ್ತಾರೆ? ಈ ಎರಡು ತಿಂಗಳಲ್ಲೇ ಯಾಕೆ ಇಷ್ಟು ಕಿಕ್ಕಿರಿದಿವೆ? ಎಲ್ಲವನ್ನೂ ಮಾಡಿ ಫೋಟೊ ಕಳಿಸುವಷ್ಟು ಸಮಯ ನಮಗಿಲ್ಲ. ನಿಜವಾಗಿ ಯಾವುದನ್ನು ಮಾಡಬೇಕು?

ಉತ್ತರ: ಮೇಡಂ, ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಶಾಲೆಗಳಿಗೆ ಗೋಡೆ ಕ್ಯಾಲೆಂಡರ್ ಮಾಡಿಕೊಡುವ ಕೆಲಸದಲ್ಲಿ ನಾನು ಹಲವು ವರ್ಷ ಇದ್ದೆ. ಯಾವ ದಿನ ಏನು, ಮಕ್ಕಳಿಂದ ಏನು ಮಾಡಿಸಬಹುದು ಅಂತ ಒಂದೊಂದು ಚೌಕದಲ್ಲೂ ಎರಡು ಸಾಲು ಬರೆಯುವುದು ನನ್ನ ಪಾಲಿನ ಕೆಲಸ. ಒಂದು ವರ್ಷ ಬೇಸಿಗೆ ಶಿಬಿರದ ಮಕ್ಕಳನ್ನು ಮೇ ತಿಂಗಳ ಎರಡನೇ ಶನಿವಾರ ಕೆರೆಗೆ ಕರೆದುಕೊಂಡು ಹೋದೆ. ಅವತ್ತು ವಿಶ್ವ ವಲಸೆ ಹಕ್ಕಿಗಳ ದಿನ ಅಂತ ಕ್ಯಾಲೆಂಡರ್‌ನಲ್ಲಿ ಬರೆದವನು ನಾನೇ. ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕೆರೆಯಲ್ಲಿ ಮೊಣಕಾಲುದ್ದ ನೀರು, ಸುತ್ತ ಬಿರುಕು ಬಿಟ್ಟ ಮಣ್ಣು. ನಾಲ್ಕು ಬೆಳ್ಳಕ್ಕಿ, ಒಂದು ಮಿಂಚುಳ್ಳಿ, ನೀರಲ್ಲಿ ಕೂತ ಎಮ್ಮೆಗಳು. ನನ್ನ ಕೈಯಲ್ಲಿ ಪಟ್ಟೆತಲೆ ಹೆಬ್ಬಾತಿನ ದೊಡ್ಡ ಪೋಸ್ಟರ್. ಆರನೇ ತರಗತಿ ಹುಡುಗನೊಬ್ಬ ಪೋಸ್ಟರ್ ನೋಡಿದ, ಕೆರೆ ನೋಡಿದ, ‘ಸರ್, ಇದು ಎಲ್ಲೈತ್ರಿ?’ ಅಂದ.

ಸರಿಯಾದ ಉತ್ತರ ಮಂಗೋಲಿಯಾದಲ್ಲಿ ಅಥವಾ ಟಿಬೆಟ್‌ನಲ್ಲಿ. ಮೇ ತಿಂಗಳಲ್ಲಿ ಆ ಹೆಬ್ಬಾತುಗಳು ಹಿಮಾಲಯ ದಾಟಿ ಹೋಗಿ, ಅಲ್ಲಿನ ಕೆರೆಗಳ ಹತ್ತಿರ ಮೊಟ್ಟೆ ಇಡುತ್ತಿರುತ್ತವೆ. ನಮ್ಮಲ್ಲಿಗೆ ಬರುವುದು ಚಳಿಗಾಲಕ್ಕೆ. ಮೇ ತಿಂಗಳ ಎರಡನೇ ಶನಿವಾರ ಯುರೋಪಿನವರಿಗೂ ಉತ್ತರ ಅಮೆರಿಕದವರಿಗೂ ಸರಿಯಾದ ದಿನ. ಹಕ್ಕಿಗಳು ದಕ್ಷಿಣದಿಂದ ಅವರ ಊರಿಗೆ ವಾಪಸ್ ಬರುವ ಹೊತ್ತು ಅದು. ನಮಗೆ ಅದು ಹಕ್ಕಿ ಹೋಗಿ ಎಷ್ಟೋ ದಿನ ಆದಮೇಲಿನ ಖಾಲಿ ಕೆರೆ. ಈ ದಿನವನ್ನು ವರ್ಷಕ್ಕೆ ಎರಡು ಸಲ ಆಚರಿಸುತ್ತಾರೆ, ಇನ್ನೊಂದು ಅಕ್ಟೋಬರ್‌ನ ಎರಡನೇ ಶನಿವಾರ. ನಾನು ಅದನ್ನು ನೋಡಿದ್ದೆ. ಆದರೆ ಎರಡರಲ್ಲಿ ಯಾವುದು ನಮ್ಮದು ಅಂತ ಯೋಚನೆ ಮಾಡಿರಲಿಲ್ಲ.

ಅವತ್ತಿನಿಂದ ಯಾವ ದಿನಾಚರಣೆ ಬಂದರೂ ನಾನು ಮೊದಲು ಕೇಳುವುದು ಒಂದೇ: ಈ ತಾರೀಖು ಯಾವ ಊರಿನದು?

ಈಗ ನಿಮ್ಮ ಮೊದಲ ಪ್ರಶ್ನೆ. ಯಾರು ಗೊತ್ತು ಮಾಡುತ್ತಾರೆ ಅಂದರೆ, ಯಾರು ಬೇಕಾದರೂ. ಇದಕ್ಕೆ ಕಾನೂನು ಇಲ್ಲ, ಲೈಸೆನ್ಸ್ ಇಲ್ಲ. ಮೇ 23ರ ಆಮೆ ದಿನವನ್ನು ಶುರು ಮಾಡಿದ್ದು ಅಮೆರಿಕದಲ್ಲಿ ಆಮೆಗಳನ್ನು ಸಾಕಿ ಸಲಹುವ ಒಂದು ಸಣ್ಣ ಸಂಸ್ಥೆ, 2000ರಲ್ಲಿ. ಮೇ ಎರಡನೇ ಭಾನುವಾರದ ಅಮ್ಮಂದಿರ ದಿನ ಆ್ಯನಾ ಜಾರ್ವಿಸ್ ಅನ್ನುವ ಒಬ್ಬ ಮಹಿಳೆಯ ಹಟದಿಂದ ಬಂದದ್ದು. 1908ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ತನ್ನ ತಾಯಿಯ ನೆನಪಿಗೆ ಪ್ರಾರ್ಥನೆ ಮಾಡಿಸಿದರು. 1914ರಲ್ಲಿ ಅಲ್ಲಿನ ಅಧ್ಯಕ್ಷರು ಅದನ್ನು ಇಡೀ ದೇಶದ ದಿನ ಅಂತ ಸಾರಿದರು. ಆಮೇಲೆ ಹೂವಿನ ಅಂಗಡಿಯವರೂ ಗ್ರೀಟಿಂಗ್ ಕಾರ್ಡ್ ಕಂಪನಿಗಳೂ ಆ ದಿನದಿಂದ ದುಡ್ಡು ಮಾಡುವುದನ್ನು ನೋಡಿ ಇದೇ ಆ್ಯನಾ ರೇಗಿ, ಉಳಿದ ಆಯಸ್ಸನ್ನು ಅವರ ವಿರುದ್ಧ ಜಗಳಾಡುವುದರಲ್ಲೇ ಕಳೆದರು.

ಪಟ್ಟಿಯಲ್ಲಿ ‘ಅಂತರರಾಷ್ಟ್ರೀಯ’ ಅಂತ ಗತ್ತಿನಿಂದ ಕೂತಿರುವವು ಬಹುತೇಕ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಿಂದ ಬಂದವು. ಅಲ್ಲಿಯ ಪದ್ಧತಿ ಸರಳ. ಒಂದು ದೇಶ ನಿರ್ಣಯದ ಕರಡು ತರುತ್ತದೆ, ಬೇರೆ ದೇಶಗಳಿಂದ ಸಹಿ ಸೇರಿಸಿಕೊಳ್ಳುತ್ತದೆ, ಸಭೆ ಸಾಮಾನ್ಯವಾಗಿ ಮತಕ್ಕೆ ಹಾಕದೇ ಒಪ್ಪುತ್ತದೆ. ಸೈಕಲ್ಲಿಗೋ ಚಹಾಕ್ಕೋ ಬೇಡ ಅನ್ನುವವರು ಯಾರು? ಹೀಗೆ ಸೇರಿ ಸೇರಿ ಇವತ್ತು ವಿಶ್ವಸಂಸ್ಥೆಯ ಪಟ್ಟಿಯಲ್ಲೇ 200ಕ್ಕೂ ಹೆಚ್ಚು ದಿನಗಳಿವೆ. ಈ ನಿರ್ಣಯಗಳ ಕೊನೆಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಖರ್ಚನ್ನು ಸ್ವಯಂಪ್ರೇರಿತ ದೇಣಿಗೆಯಿಂದ ನೋಡಿಕೊಳ್ಳಬೇಕು. ಅಂದರೆ ಅಲ್ಲಿಂದ ದುಡ್ಡೂ ಬರುವುದಿಲ್ಲ, ಮಾಡಿದರೋ ಇಲ್ಲವೋ ಅಂತ ನೋಡಲು ಇನ್‌ಸ್ಪೆಕ್ಟರೂ ಬರುವುದಿಲ್ಲ. ಫೋಟೊ ಕೇಳುವವರು ನಮ್ಮವರೇ.

ನಮ್ಮ ದೇಶವೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. ಜೂನ್ 21ರ ಯೋಗ ದಿನ ಭಾರತದ ಪ್ರಸ್ತಾಪ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ಸಾಮಾನ್ಯ ಸಭೆಯ ಭಾಷಣದಲ್ಲಿ ಕೇಳಿದರು. ಡಿಸೆಂಬರ್ 11ಕ್ಕೆ ನಿರ್ಣಯ ಪಾಸಾಯಿತು, 177 ದೇಶಗಳು ಜೊತೆಗೆ ನಿಂತಿದ್ದವು. ಮೇ 21ರ ಚಹಾ ದಿನವೂ ಭಾರತ ಕೇಳಿ ತಂದದ್ದೇ, 2019ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ಚಹಾ ತೋಟದ ಕಾರ್ಮಿಕ ಸಂಘಟನೆಗಳು 2005ರಿಂದ ಡಿಸೆಂಬರ್ 15ನ್ನು ಚಹಾ ದಿನ ಅಂತ ಆಚರಿಸುತ್ತಿದ್ದವು. ಅವರ ಮಾತು ಕೂಲಿಯದ್ದು, ಬೆಲೆಯದ್ದು. ಚಹಾ ಬೆಳೆಯುವ ಹೆಚ್ಚಿನ ದೇಶಗಳಲ್ಲಿ ಹಂಗಾಮು ಶುರುವಾಗುವುದು ಮೇ ತಿಂಗಳಲ್ಲಿ. ಅದಕ್ಕೇ ವಿಶ್ವಸಂಸ್ಥೆ ಮೇಗೆ ಇಟ್ಟಿತು. ಇಲ್ಲೂ ನಾನು ಒಮ್ಮೆ ಮುಗ್ಗರಿಸಿದೆ. ಹೊಸ ತಾರೀಖು ಬಂದಮೇಲೂ ಹಳೇ ಪಟ್ಟಿ ನೋಡಿ ಡಿಸೆಂಬರ್ 15ನ್ನೇ ಅಚ್ಚು ಹಾಕಿಸಿಬಿಟ್ಟಿದ್ದೆ. ಯಾರೂ ಫೋನ್ ಮಾಡಿ ಬೈಯಲಿಲ್ಲ. ಯಾರೂ ಓದಿರಲಿಲ್ಲ ಅಂತ ಕಾಣುತ್ತದೆ.

ಎರಡನೇ ಪ್ರಶ್ನೆ, ಮೇ ಮತ್ತು ಜೂನ್‌ನಲ್ಲೇ ಯಾಕೆ? ಇದಕ್ಕೆ ಒಂದು ದಿನದ ಕಥೆ ಸಾಕು. ಜೀವವೈವಿಧ್ಯ ದಿನ ಮೊದಲು ಡಿಸೆಂಬರ್ 29ಕ್ಕೆ ಇತ್ತು. ಜೀವವೈವಿಧ್ಯ ಒಪ್ಪಂದ ಜಾರಿಗೆ ಬಂದದ್ದು 1993ರ ಆ ದಿನ. ಆದರೆ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಯಾರು ಕಾರ್ಯಕ್ರಮ ಮಾಡುತ್ತಾರೆ? ಶಾಲೆ ಮುಚ್ಚಿರುತ್ತದೆ, ಕಚೇರಿ ಖಾಲಿ. ಅನೇಕ ದೇಶಗಳು ಕಷ್ಟ ಅಂದವು. 2000ದಲ್ಲಿ ಸಾಮಾನ್ಯ ಸಭೆ ಅದನ್ನು ಮೇ 22ಕ್ಕೆ ತಂದಿತು. ಅದೇ ಒಪ್ಪಂದದ ಪಠ್ಯವನ್ನು 1992ರಲ್ಲಿ ನೈರೋಬಿಯಲ್ಲಿ ಒಪ್ಪಿಕೊಂಡ ದಿನ ಅದು.

ಈಗ ನೋಡಿ ತಮಾಷೆ. ರಜೆ ತಪ್ಪಿಸಲು ಅವರು ಡಿಸೆಂಬರ್ ಬಿಟ್ಟು ಮೇಗೆ ಬಂದರು. ನಮ್ಮ ಶಾಲೆಗೆ ಡಿಸೆಂಬರ್ 29 ಸಾಮಾನ್ಯವಾಗಿ ಪಾಠದ ದಿನ, ಮೇ 22 ಬೇಸಿಗೆ ರಜೆ! ನಿಮ್ಮ ಕಪ್ಪತಗುಡ್ಡವನ್ನು ಮಕ್ಕಳಿಗೆ ತೋರಿಸಬೇಕು ಅಂದರೆ, ಬಿಸಿಲಿಗೆ ಹುಲ್ಲೂ ಒಣಗಿ ನಿಂತ ಮೇ ಯಾಕೆ? ಮಳೆ ಬಿದ್ದು ಗುಡ್ಡ ಹಸಿರಾದ ಮೇಲೆ ಹೋಗಿ.

ಯುರೋಪ್, ಅಮೆರಿಕದವರಿಗೆ ಮೇ, ಜೂನ್ ಅಂದರೆ ಚಳಿ ಬಿಟ್ಟು ಬಯಲಿಗೆ ಬರುವ ಕಾಲ. ಸ್ಟಾಕ್‌ಹೋಮ್‌ನಲ್ಲಿ ಜೂನ್ 21ಕ್ಕೆ ಹಗಲು ಹದಿನೆಂಟೂವರೆ ಗಂಟೆ ಇರುತ್ತದೆ. ಗದಗಿನಲ್ಲಿ ಅವತ್ತು ಸುಮಾರು ಹದಿಮೂರು ಗಂಟೆ. ಅಲ್ಲಿ ಬಹಳ ಕಡೆ ಶಾಲೆಗಳು ಜೂನ್‌ವರೆಗೂ ನಡೆಯುತ್ತವೆ, ದೊಡ್ಡ ರಜೆ ಆಮೇಲೆ. ಹಾಗಾಗಿ ಹೊರಗೆ ಮಾಡುವ ಕಾರ್ಯಕ್ರಮಕ್ಕೂ ದೊಡ್ಡ ಸಭೆ ಸಮಾವೇಶಗಳಿಗೂ ಇದು ಹೇಳಿ ಮಾಡಿಸಿದ ಕಾಲ. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಜಿನೀವಾದಲ್ಲಿ ಸೇರುವುದು ಮೇ ತಿಂಗಳಲ್ಲಿ. ಅದೇ ಊರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನ ಜೂನ್‌ನಲ್ಲಿ. ಸಭೆ ಸೇರಿದ ಕಡೆ ಒಪ್ಪಂದ ಆಗುತ್ತದೆ, ಒಪ್ಪಂದದ ನೆನಪಿಗೆ ದಿನ ಹುಟ್ಟುತ್ತದೆ. ಪರಿಸರ ದಿನದ ಜೂನ್ 5, 1972ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನ ಶುರುವಾದ ದಿನ. ಆತಿಥೇಯ ದೇಶದ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಬಂದು ಮಾತಾಡಿದ ಒಬ್ಬರೇ ಪ್ರಧಾನಿ ಇಂದಿರಾ ಗಾಂಧಿ. ಸಾಗರ ದಿನದ ಜೂನ್ 8, 1992ರ ರಿಯೊ ಸಮ್ಮೇಳನದ ನಡುವೆ ಕೆನಡಾ ಮುಂದಿಟ್ಟದ್ದು. ಪತ್ರಿಕಾ ಸ್ವಾತಂತ್ರ್ಯದ ಮೇ 3, ಆಫ್ರಿಕಾದ ಪತ್ರಕರ್ತರು 1991ರಲ್ಲಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಘೋಷಣೆ ಹೊರಡಿಸಿದ ದಿನ. ದೂರಸಂಪರ್ಕ ದಿನದ ಮೇ 17 ಇನ್ನೂ ಹಳೇದು. 1865ರಲ್ಲಿ ಪ್ಯಾರಿಸ್‌ನಲ್ಲಿ ತಂತಿ ಸಂದೇಶದ ಒಪ್ಪಂದಕ್ಕೆ ಸಹಿ ಬಿದ್ದದ್ದು ಅವತ್ತು.

ಕೆಲವು ತಾರೀಖುಗಳ ಹಿಂದೆ ಹೆಚ್ಚೇನೂ ಇಲ್ಲ. ಜೂನ್ 1ರ ಹಾಲು ದಿನ ಆಹಾರ ಮತ್ತು ಕೃಷಿ ಸಂಸ್ಥೆ 2001ರಲ್ಲಿ ಇಟ್ಟದ್ದು. ಕಾರಣ ಕೇಳಿದರೆ, ಹಲವು ದೇಶಗಳು ಆಗಲೇ ಆ ಹೊತ್ತಿಗೆ ಹಾಲು ದಿನ ಮಾಡುತ್ತಿದ್ದವು, ಅಷ್ಟೇ. ನಮ್ಮ ಕಡೆ ಹಳೇ ಕಾಲದ ಮಾಸ್ತರು ಶಾಲೆಗೆ ಸೇರಿಸುವಾಗ ಎಲ್ಲರ ಹುಟ್ಟಿದ ದಿನವನ್ನೂ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರಲ್ಲ, ಹಾಗೆ. ನಿಮ್ಮೂರಲ್ಲಿ ಜೂನ್ ಒಂದಕ್ಕೆ ಹುಟ್ಟಿದ ಅಜ್ಜಂದಿರು ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ.

ಆ ಮಾತಿಗೆ ಜೇನು ದಿನ ನೆನಪಾಗುತ್ತದೆ. ಇಡೀ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ಇದು. ಮೇ 20ರ ಊರು ಸ್ಲೊವೇನಿಯಾದ ಬ್ರೆಜ್ನಿತ್ಸಾ, ಬೆಟ್ಟದ ಸೀಮೆಯ ಒಂದು ಹಳ್ಳಿ. 1734ರ ಮೇ 20ಕ್ಕೆ ಅಲ್ಲಿನ ಬಡ ರೈತರ ಮನೆಯ ಮಗು ಆಂಟೊನ್ ಯಾನ್ಶಾಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಆಯಿತು. ಹುಟ್ಟಿದ ದಿನ ಯಾರೂ ಬರೆದಿಡಲಿಲ್ಲ, ಚರ್ಚಿನ ಪುಸ್ತಕದಲ್ಲಿ ಸಿಗುವುದು ಈ ದಿನವೇ. ಇಂದು ಪ್ರಪಂಚವೆಲ್ಲ ಆಚರಿಸುವ ದಿನ ನಮ್ಮಜ್ಜಂದಿರ ಜೂನ್ ಒಂದರಂಥದ್ದೇ.

ಯಾನ್ಶಾ ಜೇನಿನವನಾಗಬೇಕು ಅಂತ ಹೊರಟವನೇ ಅಲ್ಲ. ಚಿತ್ರ ಕಲಿಯಲು ಅಣ್ಣತಮ್ಮಂದಿರ ಜೊತೆ ವಿಯೆನ್ನಾಕ್ಕೆ ಹೋದ. ಆದರೆ ಮನೆಯಲ್ಲಿ ಅಪ್ಪ ಜೇನು ಸಾಕಿದ್ದನ್ನು ನೋಡಿ ಬೆಳೆದಿದ್ದ. ಆ ಹೊತ್ತಿಗೆ ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾ ಜೇನು ಸಾಕಣೆಗೆ ಒಂದು ಶಾಲೆ ತೆರೆದರು. ಅದಕ್ಕೆ ಮೊದಲ ಮೇಷ್ಟ್ರು ಯಾನ್ಶಾ. ಗಂಡು ಜೇನು ಗೂಡಿಗೆ ನೀರು ಹೊರುತ್ತದೆ ಅಂತ ಆಗಿನವರು ನಂಬಿದ್ದರು. ಹಾಗಲ್ಲ, ರಾಣಿ ಜೇನು ಗೂಡಿನ ಹೊರಗೆ ಹಾರುವಾಗ ಗಂಡಿನ ಜೊತೆ ಸೇರುತ್ತದೆ ಅಂತ ಈತ ಗೂಡಿನ ಮುಂದೆ ಕೂತು ನೋಡಿ ಹೇಳಿದ. ಪೆಟ್ಟಿಗೆಗಳನ್ನು ಹೂವಿರುವ ಕಡೆಗೆ ಸಾಗಿಸಿ ಅಂತ ರೈತರಿಗೆ ಕಲಿಸಿದ. 1773ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ನಾಡಿನಲ್ಲಿ ಜೇನು ಪೆಟ್ಟಿಗೆಯ ಮುಂದಿನ ಹಲಗೆಗೆ ಚಿತ್ರ ಬರೆಯುವ ಸಂಪ್ರದಾಯವೇ ಇದೆ. ಸುಮಾರು ಇಪ್ಪತ್ತು ಲಕ್ಷ ಜನರ ಆ ಪುಟ್ಟ ದೇಶ, ಜೇನು ಸಾಕುವವರ ಸಂಘದ ಮಾತು ಕೇಳಿ, ಮೂರು ವರ್ಷ ಓಡಾಡಿ 115 ದೇಶಗಳನ್ನು ಒಪ್ಪಿಸಿತು. 2017ರ ಡಿಸೆಂಬರ್ 20ಕ್ಕೆ ನಿರ್ಣಯ ಆಯಿತು. ಮೊದಲ ಆಚರಣೆ 2018ರ ಮೇ 20.

ಸ್ಲೊವೇನಿಯಾದಲ್ಲಿ ಮೇ ಅಂದರೆ ಹೂವಿನ ಕಾಲ, ಪೆಟ್ಟಿಗೆಯಲ್ಲಿ ಕೆಲಸ ಜೋರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ, ನಾಗರಹೊಳೆ ಕಡೆಯ ಜೇನು ಕುರುಬರಿಗೂ ಈ ತಾರೀಖು ಹೊಂದುತ್ತದೆ. ಮಳೆ ಹಿಡಿಯುವ ಮೊದಲು ಹೆಜ್ಜೇನು ಇಳಿಸುವ ಕಾಲ ಅದು. ಆದರೆ ಗದಗಿನ ನಿಮಗೆ? ನಿಮ್ಮ ಜೇನು ದಿನ ಆಗಸ್ಟ್‌ನಲ್ಲಿದೆ ಮೇಡಂ. ಜೂನ್‌ನಲ್ಲಿ ಬಿತ್ತಿದ ಸೂರ್ಯಕಾಂತಿ ಎರಡು ತಿಂಗಳಿಗೆ ಹೂ ಬಿಡುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಶಾಲೆ ಹತ್ತಿರದ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಬ್ಬೊಬ್ಬರಿಗೆ ಒಂದೊಂದು ಹೂ. ಐದು ನಿಮಿಷದಲ್ಲಿ ಆ ಹೂವಿಗೆ ಎಷ್ಟು ಹುಳ ಬಂದವು, ಅದರಲ್ಲಿ ಹೆಜ್ಜೇನು ಎಷ್ಟು, ತುಡುವೆ ಎಷ್ಟು, ಕೋಲುಜೇನು ಎಷ್ಟು, ಎಣಿಸಲಿ. ಸೂರ್ಯಕಾಂತಿಗೆ ಜೇನು ಬರದಿದ್ದರೆ ಕಾಳು ಜೊಳ್ಳಾಗುತ್ತದೆ. ಇದು ಹೊಲದವರಿಗೆ ಗೊತ್ತು. ಗೊತ್ತಿದ್ದೂ ಕೆಲವರು ಜೇನು ಹಾರಾಡುವ ಬೆಳಗಿನ ಹೊತ್ತೇ ಔಷಧಿ ಹೊಡೆಯುತ್ತಾರೆ. ಸಂಜೆ ಹೊಡೆಯಪ್ಪಾ ಅಂತ ಮನೆಗೆ ಹೋಗಿ ಮಗ ಹೇಳಿದರೆ ಅಪ್ಪ ಕೇಳುವ ಸಾಧ್ಯತೆ ಜಾಸ್ತಿ. ಹಾಗೇ, ಶಾಲೆಯ ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿದ್ದರೆ ಯಾರೂ ಕಲ್ಲು ಹೊಡೆಯದ ಹಾಗೆ ನೋಡಿಕೊಳ್ಳಿ. ಆ ಪ್ರಯೋಗಕ್ಕೆ ಯಾವ ದಿನವೂ ಒಳ್ಳೇ ದಿನ ಅಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ಮೂರನೇ ಪ್ರಶ್ನೆ. ತಾರೀಖು ಇದ್ದ ಹಾಗೇ ಹಿಡಿಯಬೇಕಾದವು ನನ್ನ ಲೆಕ್ಕದಲ್ಲಿ ನಾಲ್ಕೇ.

ಮೊದಲನೆಯದು ಮೇ 28, ಮುಟ್ಟಿನ ನೈರ್ಮಲ್ಯದ ದಿನ. ಇದರ ತಾರೀಖಿನಲ್ಲೇ ಅರ್ಥ ಇದೆ. ಋತುಚಕ್ರ ಸರಾಸರಿ 28 ದಿನ, ಮುಟ್ಟು ಸುಮಾರು 5 ದಿನ, ಮೇ ಐದನೇ ತಿಂಗಳು. 2014ರಲ್ಲಿ ಜರ್ಮನಿಯ ಒಂದು ಸಂಸ್ಥೆ ಶುರು ಮಾಡಿತು. ಈಚಿನ ವರ್ಷಗಳಲ್ಲಿ ನಮ್ಮ ಶಾಲೆಗಳು ಮೇ 29ಕ್ಕೆ ಬಾಗಿಲು ತೆಗೆಯುತ್ತಿವೆ. ಅಂದರೆ ಇದು ಹಿಂದಿನ ದಿನ. ಭಾಷಣ, ಬ್ಯಾನರ್ ಏನೂ ಬೇಡ. ಬೀಗದ ಕೈ ತೆಗೆದುಕೊಂಡು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ. ನಲ್ಲಿ ತಿರುಗಿಸಿ, ನೀರು ಬರುತ್ತದಾ? ಒಂದೂವರೆ ತಿಂಗಳು ಮುಚ್ಚಿದ್ದರಿಂದ ಪೈಪ್ ಕಟ್ಟಿಕೊಂಡಿರಬಹುದು. ಚಿಲಕ ಒಳಗಿನಿಂದ ಬೀಳುತ್ತದಾ? ಮುಚ್ಚಳ ಇರುವ ಕಸದ ಬುಟ್ಟಿ ಇದೆಯಾ? ‘ಶುಚಿ’ ಯೋಜನೆಯ ಪ್ಯಾಡ್ ಹೋದ ವರ್ಷದ್ದು ಎಷ್ಟು ಉಳಿದಿದೆ, ಇಲಿ ಕಡಿದಿಲ್ಲ ತಾನೆ? ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರ ಮೇಜಿನ ಮೇಲಿಡಿ. ಎಂಟನೇ ತರಗತಿಗೆ ಹೊಸದಾಗಿ ಸೇರುವ ಹುಡುಗಿಗೆ ಮೊದಲ ವಾರವೇ ‘ಹೊಟ್ಟೆನೋವು’ ಅಂತ ಮನೆಗೆ ಹೋಗುವ ಗತಿ ಬಾರದಿದ್ದರೆ ಅದೇ ದಿನಾಚರಣೆ. ಫೋಟೊ ಬೇಕಾದರೆ ನಲ್ಲಿಯಿಂದ ನೀರು ಬೀಳುವುದನ್ನೇ ತೆಗೆದು ಕಳಿಸಿ.

ಎರಡನೆಯದು ಮೇ 31, ತಂಬಾಕು ರಹಿತ ದಿನ. ಮೊದಲ ಸಲ ಇದನ್ನು 1988ರ ಏಪ್ರಿಲ್ 7ಕ್ಕೆ ಮಾಡಿದ್ದರು, ಅವತ್ತು ವಿಶ್ವ ಆರೋಗ್ಯ ಸಂಸ್ಥೆಗೆ ನಲವತ್ತು ತುಂಬಿತ್ತು. ಆಮೇಲೆ ಮೇ ಕೊನೇ ದಿನಕ್ಕೆ ಬಂತು. ಹುಣಸೂರು, ಪಿರಿಯಾಪಟ್ಟಣದ ಕಡೆ ಇದೇ ಹೊತ್ತಿಗೆ ರೈತರು ತಂಬಾಕಿನ ಸಸಿ ನೆಡುತ್ತಿರುತ್ತಾರೆ. ಅವರ ಮುಂದೆ ನಿಂತು ‘ತಂಬಾಕು ವಿಷ’ ಅಂತ ಕೂಗುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ, ಅದು ಬೇರೆಯೇ ಚರ್ಚೆ. ನಿಮ್ಮಲ್ಲಿ ಇರುವುದು ಬೆಳೆ ಅಲ್ಲ, ಗುಟ್ಕಾ ಚೀಟಿ. 2003ರ ಕೇಂದ್ರ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವ ಹಾಗಿಲ್ಲ. 100 ಗಜ ಅಂದರೆ 91 ಮೀಟರ್ ಚಿಲ್ಲರೆ. ಒಂಬತ್ತನೇ ತರಗತಿಯವರ ಕೈಗೆ ಅಳತೆ ಟೇಪ್ ಕೊಟ್ಟು ಕಾಂಪೌಂಡಿನಿಂದ ನಾಲ್ಕೂ ದಿಕ್ಕಿಗೆ ಅಳೆಸಿ, ಸುಣ್ಣದಲ್ಲಿ ಗೆರೆ ಎಳೆಸಿ. ಗಣಿತವೂ ಆಯಿತು. ಗೆರೆಯ ಒಳಗೆ ಯಾವ ಗೂಡಂಗಡಿ ಬಂತು ಅಂತ ಊರಿಗೇ ಕಾಣುತ್ತದೆ, ನೀವು ಬಾಯಿ ಬಿಡುವುದೇ ಬೇಡ. ಅಂಗಡಿಯವರ ಜೊತೆ ಜಗಳಕ್ಕೆ ಮಾತ್ರ ಮಕ್ಕಳನ್ನು ಕಳಿಸಬೇಡಿ. ಆ ಮಾತು ಪಂಚಾಯಿತಿಯವರು ಆಡಲಿ.

ಮೂರನೆಯದು ಜೂನ್ 12, ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ. ಕಾರ್ಮಿಕ ಸಂಸ್ಥೆ 2002ರಲ್ಲಿ ಶುರು ಮಾಡಿತು, ಜಿನೀವಾದ ಸಮ್ಮೇಳನ ನಡೆಯುವ ಹೊತ್ತು ನೋಡಿ. ಆದರೆ ನಮಗೆ ಇದಕ್ಕಿಂತ ಸರಿಯಾದ ತಾರೀಖು ಸಿಗಲಾರದು. ಶಾಲೆ ಶುರುವಾಗಿ ಎರಡು ವಾರ ಆಗಿರುತ್ತದೆ, ಹೊಲದಲ್ಲಿ ಬಿತ್ತನೆ ಹಂಗಾಮು. ಹೋದ ವರ್ಷದ ಹಾಜರಿ ಪುಸ್ತಕ ಮತ್ತು ಈ ವರ್ಷದ್ದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹೋದ ವರ್ಷ ಇದ್ದು ಈಗ ಇಲ್ಲದ ಹೆಸರು ಯಾವುವು? ಕೆಲವರು ಅಪ್ಪ ಅಮ್ಮನ ಜೊತೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿರುತ್ತಾರೆ. ಕೆಲವರು ಊರಲ್ಲೇ ಇದ್ದು ತಮ್ಮನನ್ನು ನೋಡಿಕೊಳ್ಳುತ್ತಿರುತ್ತಾರೆ. ಆ ಮನೆಗಳಿಗೆ ಒಂದು ಸಂಜೆ ಹೋಗಿ ಬನ್ನಿ. ನಾನು ಒಮ್ಮೆ ಒಬ್ಬ ಮಾಸ್ತರ ಜೊತೆ ಹೀಗೆ ಹೋಗಿದ್ದೆ. ಹುಡುಗಿ ಒಳಗಿನಿಂದ ನೀರು ತಂದುಕೊಟ್ಟು ‘ನನ್ನ ಹೆಸರು ಇನ್ನೂ ಐತೇನ್ರಿ ಸರ್?’ ಅಂತ ಕೇಳಿದಳು. ಅವಳು ತಿಳಿದುಕೊಂಡಿದ್ದು, ಹತ್ತು ದಿನ ಬಾರದಿದ್ದರೆ ಹೆಸರು ಹೊಡೆದುಹಾಕುತ್ತಾರೆ ಅಂತ. ಮರುದಿನ ಬಂದಳು. 14 ವರ್ಷದೊಳಗಿನ ಮಗುವನ್ನು ಎಲ್ಲಾದರೂ ದುಡಿಮೆಗೆ ಇಟ್ಟುಕೊಂಡಿದ್ದು ಕಂಡರೆ ಮಕ್ಕಳ ಸಹಾಯವಾಣಿಯ 1098 ನಂಬರ್ ಇದೆ.

ನಾಲ್ಕನೆಯದು ಜೂನ್ 14, ರಕ್ತದಾನಿಗಳ ದಿನ. ಇಲ್ಲಿ ಮತ್ತೆ ವಿಯೆನ್ನಾ ಬರುತ್ತದೆ. 1868ರ ಜೂನ್ 14 ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ಟರೆ ಒಮ್ಮೆ ಬದುಕುತ್ತಾರೆ, ಒಮ್ಮೆ ಸಾಯುತ್ತಾರೆ, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈತ ತನ್ನ ಮತ್ತು ಪ್ರಯೋಗಾಲಯದ ಜೊತೆಗಾರರ ರಕ್ತ ತೆಗೆದು, ಒಬ್ಬರ ಕಣಗಳನ್ನು ಇನ್ನೊಬ್ಬರ ರಕ್ತದ ತಿಳಿನೀರಿಗೆ, ಅಂದರೆ ಸೀರಮ್ಮಿಗೆ ಹಾಕಿ ನೋಡಿದ. ಕೆಲವು ಜೋಡಿ ಹಾಲು ಒಡೆದ ಹಾಗೆ ಗಂಟುಗಂಟಾದವು, ಕೆಲವು ಆಗಲಿಲ್ಲ. 1901ರಲ್ಲಿ ಗುಂಪುಗಳನ್ನು ಬರೆದು ಪ್ರಕಟಿಸಿದ, 1930ರಲ್ಲಿ ನೊಬೆಲ್ ಬಂತು.

ಈ ತಾರೀಖನ್ನು ಹಿಡಿಯಿರಿ ಅನ್ನುವುದಕ್ಕೆ ಅವನ ಹುಟ್ಟುಹಬ್ಬ ಮಾತ್ರ ಕಾರಣ ಅಲ್ಲ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ, ರಕ್ತನಿಧಿಯ ಫ್ರಿಜ್ ಖಾಲಿಯಾಗಿರುತ್ತದೆ. ಕೆಂಪು ಕಣಗಳನ್ನು 35ರಿಂದ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಚಳಿಗಾಲದಲ್ಲಿ ಕೊಟ್ಟದ್ದು ಮೇಗೆ ಉಳಿಯುವುದಿಲ್ಲ. ನಿಮ್ಮ ಮಕ್ಕಳು ಕೊಡುವ ಹಾಗಿಲ್ಲ, 18 ತುಂಬಿರಬೇಕು, 45 ಕೆಜಿ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಆದರೆ ನೀವು, ಸಹೋದ್ಯೋಗಿಗಳು, ಮಕ್ಕಳ ಅಪ್ಪಂದಿರು ಕೊಡಬಹುದಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮೇಷ್ಟ್ರು ತೋಳು ಚಾಚಿ ಮಲಗಿದ್ದನ್ನು ಒಮ್ಮೆ ನೋಡಿದ ಮಕ್ಕಳಿಗೆ ರಕ್ತದ ಗುಂಪಿನ ಪಾಠ ಮರೆಯುವುದಿಲ್ಲ.

ಪರಿಸರ ದಿನ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಜೂನ್ 5ಕ್ಕೆ ನಾನು ಅರ್ಧ ಅಂಕ ಕೊಡುತ್ತೇನೆ. ಕರಾವಳಿಯವರಿಗೆ, ಮಲೆನಾಡಿನವರಿಗೆ ಆ ಹೊತ್ತಿಗೆ ಮುಂಗಾರು ಬಾಗಿಲಿಗೆ ಬಂದಿರುತ್ತದೆ, ಗಿಡ ನೆಟ್ಟರೆ ಮಳೆ ನೋಡಿಕೊಳ್ಳುತ್ತದೆ. ನಿಮ್ಮ ಸೀಮೆಯಲ್ಲಿ ಎರಡು ಹದ ಮಳೆ ಆಗಿದ್ದರೆ ಪುಣ್ಯ. ಹಾಗಾಗಿ ಜೂನ್ 5ಕ್ಕೆ ಗಿಡ ನೆಡಬೇಡಿ, ಎಣಿಸಿ. ಹೋದ ವರ್ಷ ನೆಟ್ಟದ್ದು ಎಷ್ಟು, ಉಳಿದದ್ದು ಎಷ್ಟು, ಸತ್ತದ್ದು ಯಾಕೆ? ನೀರಿಲ್ಲದೆಯೋ, ಆಡು ತಿಂದೋ, ಆಟದ ಬಯಲಿನ ನಡುವೆ ನೆಟ್ಟಿದ್ದಕ್ಕೋ? ಗುಂಡಿ ತೋಡಿಸಿ ಬಿಡಿ. ಜುಲೈ ಮೊದಲ ವಾರ ವನಮಹೋತ್ಸವ ಇದ್ದೇ ಇದೆ. ಆಗಿನ ಕೃಷಿ ಮಂತ್ರಿ ಕೆ. ಎಂ. ಮುನ್ಷಿ 1950ರಲ್ಲಿ ಅದನ್ನು ಮಳೆಗಾಲ ನೋಡಿಯೇ ಇಟ್ಟದ್ದು. ಸಸಿ ಆಗ ನೆಡಿ.

ಯೋಗ ದಿನಕ್ಕೆ ನನ್ನ ಸಲಹೆ ಏನೂ ಬೇಡ, ಅದು ಹೇಗೂ ಆಗುತ್ತದೆ. 2022ರಲ್ಲಿ ದೇಶದ ಮುಖ್ಯ ಕಾರ್ಯಕ್ರಮವೇ ಮೈಸೂರು ಅರಮನೆ ಮುಂದೆ ಆಯಿತು. ಚಾಪೆ ಮಡಚಿದ ಮೇಲೆ ಹತ್ತು ನಿಮಿಷ ಉಳಿದರೆ ಅಂಗಳದಲ್ಲಿ ಒಂದು ಕೋಲು ನೆಟ್ಟು ಮಧ್ಯಾಹ್ನ ನೆರಳು ಅಳೆಸಿ. ಜೂನ್ 21ಕ್ಕೆ ಗದಗಿನಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಡಿಸೆಂಬರ್‌ನಲ್ಲಿ ಉತ್ತರಕ್ಕೆ. ಮಕ್ಕಳು ನಂಬುವುದಿಲ್ಲ, ನೋಡಿದಮೇಲೆ ನಂಬುತ್ತಾರೆ. ಸಾಗರ, ಚಹಾ, ಆಮೆ, ಸೈಕಲ್ ಎಲ್ಲಕ್ಕೂ ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ವಿದ್ಯಾರ್ಥಿ ಎರಡು ನಿಮಿಷ ಮಾತಾಡಲಿ, ಸಾಕು. ಪಟ್ಟಿ ಕಳಿಸಿದವರಿಗೂ ಅಷ್ಟರಿಂದ ಸಮಾಧಾನ ಆಗುತ್ತದೆ.

ಹಕ್ಕಿ ದಿನ ಮಾತ್ರ ಬಿಡಬೇಡಿ, ಮುಂದಕ್ಕೆ ಹಾಕಿ. ನಿಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅಕ್ಟೋಬರ್‌ನ ಎರಡನೇ ಶನಿವಾರವೂ ಸ್ವಲ್ಪ ಬೇಗ ಆಯಿತು, ನವೆಂಬರ್ ದಾಟಲಿ. ಸಂಜೆ ಹೆಬ್ಬಾತುಗಳು ಸಾಲುಸಾಲಾಗಿ ಕೆರೆಯಿಂದ ಎದ್ದು ಹೊಲಗಳ ಕಡೆ ಮೇಯಲು ಹೋಗುವುದನ್ನು ನೋಡಬಹುದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ಒಂದು ಬೈನಾಕ್ಯುಲರ್ ಎರವಲು ತನ್ನಿ, ಮಕ್ಕಳು ಕೊರಳಪಟ್ಟಿಯ ನಂಬರ್ ಹುಡುಕಲಿ.

ಕೊನೆಯದಾಗಿ ಜೂನ್ 17. ಪಟ್ಟಿಯಲ್ಲಿ ಇದು ‘ಮರುಭೂಮೀಕರಣ ಮತ್ತು ಬರ ತಡೆಯುವ ದಿನ’ ಅಂತ ಉದ್ದ ಹೆಸರಿನಲ್ಲಿ ಇರುತ್ತದೆ. ಆ ಹೆಸರು ಓದಿಯೇ ಎಲ್ಲರೂ ಪುಟ ತಿರುಗಿಸುತ್ತಾರೆ. 1994ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದ ಆದ ದಿನ. ವಿಷಯ ಅಪ್ಪಟ ನಿಮ್ಮದು: ಮಣ್ಣು ಕೊಚ್ಚಿ ಹೋಗುವುದು, ಬದು ಇಲ್ಲದ ಹೊಲ, ಕೈಕೊಡುವ ಮಳೆ. ಆದರೆ ಇದಕ್ಕೆ ಪ್ಯಾರಿಸ್ ತಾರೀಖು ಯಾಕೆ ಮೇಡಂ? ಅದರ ಹಿಂದೆಮುಂದೆ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮನೆಮನೆಯಲ್ಲೂ ಎರೆಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಅದರ ಹಿಂದಿನ ದಿನ ಪ್ರತಿ ಮಗುವೂ ತನ್ನ ಹೊಲದಿಂದ ಒಂದು ಹಿಡಿ ಮಣ್ಣು ತರಲಿ. ಗಾಜಿನ ಲೋಟದಲ್ಲಿ ನೀರು ಹಾಕಿ ಕಲಕಿ ಇಡಿಸಿ. ಮರಳು ಕೆಳಗೆ, ಜಿಗುಟು ಮೇಲೆ ನಿಲ್ಲುತ್ತದೆ. ಯಾರ ಹೊಲದ ಮಣ್ಣಲ್ಲಿ ಎತ್ತಿನ ಕೊಂಬು ಮುರಿಯದೆ ನಿಲ್ಲುತ್ತದೆ, ಯಾರದ್ದು ಒಣಗುತ್ತಲೇ ಬಿರಿಯುತ್ತದೆ ಅಂತ ಅವರೇ ಮಾಡಿ ನೋಡಲಿ. ವರದಿಯಲ್ಲಿ ಜೂನ್ 17 ಅಂತಲೇ ಬರೆದುಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ.